ತೇಗದ ಹಲಗೆಯಲ್ಲಿ ಮೀನಿನ ತೊಟ್ಟಿಗೆ ಮೇಲ್ಪೆಟ್ಟಿಗೆ: ಹೊರಗಿನ ಹೊಳಪಿಗಿಂತ ಒಳಮೈ ಮುಖ್ಯ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಮನೆಯ ಜಗಲಿಯಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮೀನಿನ ತೊಟ್ಟಿ ಇದೆ. ಅದರಲ್ಲಿ ಮಲಬಾರ್ ಡೇನಿಯೊ, ಪರ್ಲ್ ಗೌರಾಮಿ ಮತ್ತು ಒಂದಷ್ಟು ಗಿಡಗಳಿವೆ. ತೊಟ್ಟಿಯ ಜೊತೆಗೇ ಕೊಂಡಿದ್ದ ಎಂಡಿಎಫ್ ಟಾಪ್ ಎರಡೇ ಮಳೆಗಾಲಕ್ಕೆ ಕೆಳಗಿನ ಅಂಚಿನಿಂದ ಉಬ್ಬಿ, ಮೈಕಾ ಬಿಟ್ಟುಕೊಂಡು, ಪುಡಿಪುಡಿಯಾಯಿತು. ಅದನ್ನು ತೆಗೆದ ಮೇಲೆ ಎರಡು ಡೇನಿಯೊಗಳು ರಾತ್ರಿ ಹೊರಗೆ ಹಾರಿ ನೆಲದ ಮೇಲೆ ಸತ್ತುಬಿದ್ದಿದ್ದವು. ಹಳೇ ಮನೆ ಬಿಚ್ಚಿದಾಗ ಉಳಿದ ತೇಗದ ಹಲಗೆಗಳು ಅಟ್ಟದಲ್ಲಿವೆ. ಊರಿನ ಆಚಾರ್ರು ಮಾಡಿಕೊಡುತ್ತೇನೆ ಎಂದಿದ್ದಾರೆ. ಅಳತೆ ಹೇಗಿರಬೇಕು? ಗಾಜಿನ ಮೇಲೆ ಅಷ್ಟು ತೂಕ ಹಾಕಬಹುದೇ? ಯಾವ ಪಾಲಿಶ್ ಮೀನಿಗೆ ತೊಂದರೆ ಕೊಡುವುದಿಲ್ಲ? ನಿತ್ಯ ಆಹಾರ ಹಾಕುವವರು ನಮ್ಮ ಅಮ್ಮ. ಅವರ ಕೈಗೆ ಎಟುಕುವಂತೆಯೂ ಇರಬೇಕು.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು "ಕೆಳಗಿನ ಅಂಚಿನಿಂದ ಉಬ್ಬಿ" ಎಂಬ ಮಾತು. ತೊಟ್ಟಿಯ ಮೇಲಿನ ಮರದ ಪೆಟ್ಟಿಗೆ ಹಾಳಾಗುವುದು ಸಾಮಾನ್ಯವಾಗಿ ಮೇಲಿನಿಂದ ಬಿದ್ದ ನೀರಿನಿಂದಲ್ಲ. ತೊಟ್ಟಿಯ ನೀರು ಆವಿಯಾಗಿ ಗಾಜಿನ ಒಳಬದಿಯಲ್ಲಿ ಹನಿಗಟ್ಟುತ್ತದೆ. ಆ ಹನಿ ಅಂಚಿಗೆ ಹರಿದು ಗಾಜಿಗೂ ಮರಕ್ಕೂ ನಡುವಿನ ಕೂದಲೆಳೆಯಷ್ಟು ಸಂದಿಗೆ ಸೇರಿ, ಬತ್ತಿ ಎಣ್ಣೆ ಹೀರಿದಂತೆ ಮೇಲಕ್ಕೆ ಏರುತ್ತದೆ. ಹಲಗೆಯ ಕೆಳ ಅಂಚು ಬಹುತೇಕ ಎಲ್ಲ ಅಂಗಡಿ ಟಾಪ್‌ಗಳಲ್ಲಿಯೂ ಬಣ್ಣವಿಲ್ಲದ, ಮೈಕಾ ಇಲ್ಲದ, ಬೆತ್ತಲೆ ಅಂಚು. ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯಾದ್ದರಿಂದ, ಒಮ್ಮೆ ನೀರು ಕುಡಿದು ಉಬ್ಬಿದ ಮೇಲೆ ಅದು ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಆದರೆ ತೇಗದ ಪೆಟ್ಟಿಗೆಯನ್ನೂ ಅದೇ ರೀತಿ ಗಾಜಿಗೆ ಒತ್ತಿ ಕೂರಿಸಿ, ಅಂಚನ್ನು ಹಾಗೆಯೇ ಬಿಟ್ಟರೆ ಕತೆ ಬೇರೆಯಾಗುವುದಿಲ್ಲ. ತೇಗ ಪುಡಿಯಾಗುವುದಿಲ್ಲ, ಅಷ್ಟೇ. ಸೊಟ್ಟಗಾಗುತ್ತದೆ, ಕಪ್ಪಾಗುತ್ತದೆ, ಜೋಡಣೆ ಬಿಡುತ್ತದೆ. ಆದ್ದರಿಂದ ನಿಮ್ಮ ಆಚಾರ್ರಿಗೆ ನೀವು ಮೊದಲೇ ಹೇಳಬೇಕಾದ ಮಾತು ಒಂದೇ: ಈ ಪೆಟ್ಟಿಗೆಯ ಮುಖ ಇರುವುದು ಒಳಗೆ. ಷೋಕೇಸಿಗೆ, ಮಂಚಕ್ಕೆ ಹೊರಮೈಗೆ ಕೊಡುವ ಶ್ರದ್ಧೆಯನ್ನು ಇಲ್ಲಿ ಒಳಮೈಗೆ ಕೊಡಬೇಕು.

ಹಲಗೆಯ ವಿಚಾರಕ್ಕೆ ಬರುತ್ತೇನೆ. ಹಳೇ ಮನೆಯ ತೇಗ ನಿಮ್ಮಲ್ಲಿರುವುದು ಭಾಗ್ಯವೇ ಸರಿ, ಏಕೆಂದರೆ ದಶಕಗಳ ಕಾಲ ಒಣಗಿದ ಚೇಗಿನ (ಮರದ ನಡುವಿನ ಗಟ್ಟಿ ಭಾಗದ) ಹಲಗೆ ಇವತ್ತು ಡಿಪೋದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕೊಯ್ಯುವ ಮೊದಲು ಪ್ರತಿ ಹಲಗೆಯ ಅಂಚನ್ನು ನೋಡಿ. ಹೊರಗಿನ ಬಿಳಿ ಭಾಗ ಸೇರಿಕೊಂಡಿದ್ದರೆ ಅದನ್ನು ಬೇರ್ಪಡಿಸಿ. ತೇಗದ ಬಾಳಿಕೆಯೆಲ್ಲ ಚೇಗಿನದು. ಬಿಳಿ ಭಾಗವನ್ನು ಬೂಷ್ಟೂ ಹುಳುವೂ ಬೇರೆ ಸಾಧಾರಣ ಮರದಂತೆಯೇ ತಿನ್ನುತ್ತವೆ. ಒಳಗೆ ತಲೆ ಮುರಿದ ಮೊಳೆಗಳಿರುತ್ತವೆ, ಒಂದು ಆಯಸ್ಕಾಂತವನ್ನು ಹಲಗೆಯ ಮೇಲೆ ಎಳೆದು ನೋಡಿದರೆ ಗರಗಸದ ಹಲ್ಲೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಮರಕ್ಕೆ ಗೆದ್ದಲು ಹಿಡಿಯದಿರಲೆಂದು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ, ಡಾಂಬರನ್ನೋ, ಲಾರಿ ಇಂಜಿನ್ನಿನ ಹಳೆಯ ಎಣ್ಣೆಯನ್ನೋ ಬಳಿಯುವುದು ವಾಡಿಕೆಯಾಗಿತ್ತು. ಹಳೆಯ ಬಣ್ಣಗಳಲ್ಲಿ ಸೀಸವೂ ಇರುತ್ತಿತ್ತು. ನಿಮ್ಮ ಹಲಗೆಗೆ ಇವುಗಳಲ್ಲಿ ಯಾವುದು ಬಿದ್ದಿದೆ ಎಂದು ಈಗ ಹೇಳಬಲ್ಲವರು ಯಾರೂ ಇರಲಿಕ್ಕಿಲ್ಲ. ಎರಡೂ ಮುಖವನ್ನು ಕನಿಷ್ಠ 2 ಮಿ.ಮೀ. ಹತ್ತರಿ ಹೊಡೆಸಿ, ಹೊಸ ಹೊಂಬಣ್ಣದ ಮೈ ಕಾಣುವವರೆಗೆ ತೆಗೆಯಿರಿ. ಆ ಹೊಟ್ಟನ್ನು ಹಸುಗಳ ಕೊಟ್ಟಿಗೆಗೆ ಹಾಸಬೇಡಿ, ಒಲೆಗೂ ಹಾಕಬೇಡಿ.

ತೇಗ ಸಾಲದೆ ಹೋದರೆ ಹಲಸಿನ ಚೇಗನ್ನು ಧೈರ್ಯವಾಗಿ ಬಳಸಬಹುದು. ವೀಣೆಗೆ ಒದಗುವ ಮರ, ಗೆದ್ದಲು ಅದರ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಮಾವು, ರಬ್ಬರ್, ಸಿಲ್ವರ್ ಓಕ್ ಇವು ಮೂರೂ ಅಗ್ಗ, ಆದರೆ ತೇವದ ಜಾಗಕ್ಕೆ ಒಗ್ಗುವುದಿಲ್ಲ. ಮ್ಯಾರೀನ್ ಪ್ಲೈವುಡ್ ತರುವುದಾದರೆ ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇರಬೇಕು. ಆ ದರ್ಜೆಯ ಪ್ಲೈವುಡ್‌ನ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿ ಪರೀಕ್ಷಿಸಿರುತ್ತಾರೆ. ಆದರೆ ಅದಕ್ಕೆ ಹುಳು, ಬೂಷ್ಟು ತಡೆಯುವ ಉಪಚಾರವೂ ಆಗಿರುತ್ತದೆ. ಮರಕ್ಕೆ ಮಾಡುವ ಇಂಥ ಉಪಚಾರಗಳಲ್ಲಿ ತಾಮ್ರದ ಲವಣಗಳು ಸಾಮಾನ್ಯ. ಸಿಗಡಿ, ಬಸವನಹುಳುಗಳಿಗೆ ತಾಮ್ರ ತೀರಾ ಅಲ್ಪ ಪ್ರಮಾಣದಲ್ಲಿಯೂ ಮಾರಕವಾದ್ದರಿಂದ, ಪ್ಲೈವುಡ್‌ನ ಕೊಯ್ದ ಅಂಚುಗಳನ್ನೆಲ್ಲ ಎಪಾಕ್ಸಿಯಿಂದ ಮುಚ್ಚದೆ ತೊಟ್ಟಿಯ ಮೇಲೆ ಇಡಬಾರದು.

ಈಗ ಅಳತೆ. ಊರಿನ ಗಾಜಿನ ಅಂಗಡಿಯಲ್ಲಿ ಅಂಟಿಸಿದ ತೊಟ್ಟಿಗಳು ಹೆಸರಿಗೆ 4 ಅಡಿ. ಟೇಪು ಹಿಡಿದರೆ ಅಗಲ ಒಂದು ತುದಿಯಲ್ಲಿ 458 ಮಿ.ಮೀ., ಇನ್ನೊಂದು ತುದಿಯಲ್ಲಿ 461 ಇರುವುದು ಅಪರೂಪವಲ್ಲ. ಮೇಲಂಚಿನಲ್ಲಿ ನಾಲ್ಕೂ ಬದಿಯ ಹೊರ ಅಳತೆಯನ್ನು ಪ್ರತ್ಯೇಕವಾಗಿ ತೆಗೆದು, ಎರಡೂ ಕರ್ಣಗಳನ್ನು ಅಳೆದು, ದೊಡ್ಡ ಅಳತೆಯನ್ನೇ ಹಿಡಿಯಿರಿ. ನಿಮ್ಮ ತೊಟ್ಟಿ 1,220 × 458 ಮಿ.ಮೀ. ಇದೆ ಎಂದುಕೊಂಡರೆ, ಪೆಟ್ಟಿಗೆಯ ಒಳ ಅಳತೆ ಸುತ್ತಲೂ 3 ಮಿ.ಮೀ. ಸಡಿಲ ಸೇರಿಸಿ 1,226 × 464 ಆಗಬೇಕು. 18 ಮಿ.ಮೀ. ದಪ್ಪದ ಹಲಗೆಯಲ್ಲಿ ಮುಂದಿನ ಮತ್ತು ಹಿಂದಿನ ಪಟ್ಟಿಗಳ ಉದ್ದ 1,262, ಅವುಗಳ ನಡುವೆ ಕೂರುವ ಎರಡು ಪಕ್ಕದ ಹಲಗೆಗಳ ಉದ್ದ 464. ಆ 3 ಮಿ.ಮೀ. ಸಡಿಲವನ್ನು ಆಚಾರ್ರು ಒಪ್ಪಲಿಕ್ಕಿಲ್ಲ. ಬಿಗಿಯಾಗಿ ಕೂರುವುದೇ ಒಳ್ಳೆಯ ಕೆಲಸದ ಗುರುತು ಎಂದು ಅವರ ಕೈ ಕಲಿತಿರುತ್ತದೆ, ಅದು ತಪ್ಪೂ ಅಲ್ಲ. ಆದರೆ ನೀರು ಮೇಲೇರುವ ಸಂದಿಯನ್ನು ಮುರಿಯುವುದೇ ಈ ಸಡಿಲ ಎಂದು ಅವರಿಗೆ ತಿಳಿಸಿ ಹೇಳಿ. ಕೆಳ ಅಂಚನ್ನು ಚೌಕವಾಗಿ ಬಿಡದೆ, ಒಳಬದಿ ಎತ್ತರ, ಹೊರಬದಿ ತಗ್ಗು ಇರುವಂತೆ ಓರೆಯಾಗಿ ಕೆತ್ತಿಸಿದರೆ ಹನಿ ಹೊರತುದಿಗೆ ಜಾರಿ ಕೆಳಗೆ ಬೀಳುತ್ತದೆ, ಗಾಜಿಗೆ ಮರಳಿ ಅಂಟುವುದಿಲ್ಲ. ಮನೆಯ ಸಜ್ಜಾದ ಕೆಳಗೆ ಹನಿ ಬೀಳಲೆಂದು ಗೆರೆ ಕೊರೆಯುತ್ತಾರಲ್ಲ, ಅದೇ ಉಪಾಯ.

ಎತ್ತರ 250 ಮಿ.ಮೀ. ಸಾಕು. ಅದರಲ್ಲಿ ಕೆಳಗಿನ 40 ಮಿ.ಮೀ. ಗಾಜಿನ ಹೊರಗೆ ಇಳಿದು ನೀರಿನ ಮಟ್ಟದ ಗೆರೆಯನ್ನು ಮರೆಮಾಡುತ್ತದೆ. ಉಳಿದ 210 ಮಿ.ಮೀ. ದೀಪಕ್ಕೂ ಕೈಗೂ ಜಾಗ. ಕೆಳಗಿನಿಂದ 40 ಮಿ.ಮೀ. ಮೇಲೆ, ಒಳಬದಿಯಲ್ಲಿ ಸುತ್ತಲೂ 18 × 18 ಮಿ.ಮೀ. ರೀಪನ್ನು ಅಂಟು ಮತ್ತು ಸ್ಕ್ರೂ ಹಾಕಿ ಕೂರಿಸಬೇಕು. ಪೆಟ್ಟಿಗೆ ಗಾಜಿನ ಮೇಲೆ ನಿಲ್ಲುವುದು ಈ ರೀಪಿನ ಮೂಲಕ.

ತೂಕದ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಎಲ್ಲವನ್ನೂ 18 ಮಿ.ಮೀ. ತೇಗದಲ್ಲೇ ಮಾಡಿದರೆ ಪೆಟ್ಟಿಗೆ ಸುಮಾರು 15ರಿಂದ 16 ಕೆ.ಜಿ. ತೂಗುತ್ತದೆ. ನಿಂತ ಗಾಜು ತನ್ನ ಅಂಚಿನ ಮೇಲೆ ನೇರವಾಗಿ ಇಳಿಯುವ ಅಷ್ಟು ಭಾರವನ್ನು ತಾಳಿಕೊಳ್ಳುತ್ತದೆ. ಅದು ತಾಳದಿರುವುದು ಎರಡನ್ನು: ಒಂದೇ ಬಿಂದುವಿನ ಮೇಲೆ ಬೀಳುವ ಒತ್ತಡ, ಮತ್ತು ಪಕ್ಕಕ್ಕೆ ನೂಕುವ ಬಲ. ರೀಪು ಸೊಟ್ಟಗಿದ್ದು ಎಲ್ಲೋ ಒಂದು ಮೂಲೆ ಮಾತ್ರ ಗಾಜಿಗೆ ತಾಗಿದರೆ ಅಲ್ಲಿ ಚಕ್ಕೆ ಏಳುತ್ತದೆ. ನೀರು ತುಂಬಿದ ತೊಟ್ಟಿಯಲ್ಲಿ ಆ ಚಕ್ಕೆ ಬಿರುಕಾಗಿ ಇಳಿಯಲು ಹೆಚ್ಚು ದಿನ ಬೇಕಿಲ್ಲ. ನಿಮ್ಮ ತೊಟ್ಟಿಯಲ್ಲಿ ತುಂಬಿದಾಗ ಸುಮಾರು 250 ಲೀಟರ್ ನೀರಿರುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ರೀಪಿನ ಕೆಳಮುಖಕ್ಕೆ ಉದ್ದಕ್ಕೂ 5 ಮಿ.ಮೀ. ಇವಿಎ ಫೋಮ್ (ರಬ್ಬರಿನಂತೆ ಮೆತ್ತಗಿರುವ ಹಾಳೆ) ಪಟ್ಟಿ ಅಂಟಿಸಿ, ಪೆಟ್ಟಿಗೆಯನ್ನು ಇಳಿಸುವಾಗ ಇಬ್ಬರು ಹಿಡಿದು ನೇರವಾಗಿ ಇಳಿಸಿ. ಕೂರಿಸಿದ ಮೇಲೆ ಗಾಜಿನಾಚೆ ಬಗ್ಗಿ ನೋಡಿದರೆ ಫೋಮ್ ಉದ್ದಕ್ಕೂ ಒಂದೇ ಸಮ ಅಮುಕಿರಬೇಕು. ತೊಟ್ಟಿಯ ಮೇಲಂಚಿನ ಒಳಗೆ ಅಂಟಿಸಿರುವ ಅಡ್ಡಪಟ್ಟಿ ಗಾಜುಗಳ ಮೇಲೆ ಎಂದೂ ಮರದ ಭಾರ ಬೀಳಬಾರದು. ಅವನ್ನು ಹಿಡಿದಿರುವುದು ಸಿಲಿಕೋನ್ ಮಾತ್ರ.

ಇಷ್ಟು ತೂಕದ ಪೆಟ್ಟಿಗೆಯನ್ನು ಪ್ರತಿ ಸಲ ಎತ್ತುವ ಮಾತಿಲ್ಲವಾದ್ದರಿಂದ ಬಾಗಿಲು ಬೇಕು. ಮುಚ್ಚಳ ಮೇಲೆ ಇಟ್ಟರೆ ನಿಮ್ಮ ಅಮ್ಮನಿಗೆ ಕಷ್ಟ. ಸ್ಟ್ಯಾಂಡ್ ಎರಡೂವರೆ ಅಡಿ ಎಂದುಕೊಂಡರೆ ತೊಟ್ಟಿಯ ಅಂಚು ನೆಲದಿಂದ 1,220 ಮಿ.ಮೀ. ಎತ್ತರಕ್ಕೆ ಬರುತ್ತದೆ, ಪೆಟ್ಟಿಗೆಯ ತಲೆ 1,430 ಮಿ.ಮೀ., ಅಂದರೆ 4 ಅಡಿ 8 ಇಂಚು. ಐದಡಿ ಎತ್ತರದ ಹೆಂಗಸು ಅಷ್ಟು ಎತ್ತರದ ಹಲಗೆಯನ್ನು ದಾಟಿಸಿ ಕೈಯನ್ನು ಕೆಳಗೆ ಇಳಿಸಬೇಕೆಂದರೆ ಸ್ಟೂಲು ಹತ್ತಲೇಬೇಕು. ಒದ್ದೆ ನೆಲ, ಸ್ಟೂಲು, ನೀರು, ಕರೆಂಟು ಇವು ಒಂದೆಡೆ ಸೇರಬಾರದು. ಅದರ ಬದಲು ಮುಂಭಾಗದಲ್ಲಿ ಕೆಳಗೆ 70 ಮಿ.ಮೀ. ಪಟ್ಟಿಯನ್ನು ಸ್ಥಿರವಾಗಿ ಇಟ್ಟು, ಅದರ ಮೇಲಿನ 180 ಮಿ.ಮೀ. ಭಾಗವನ್ನು ಎರಡು ಬಾಗಿಲುಗಳಾಗಿ ಮಾಡಿಸಿ. ನಡುವೆ 40 ಮಿ.ಮೀ. ಅಗಲದ ಒಂದು ಕಂಬಪಟ್ಟಿ ನಿಂತರೆ ಅದೇ ಛಾವಣಿಯನ್ನೂ ಹೊರುತ್ತದೆ. ಬಿಜಾಗರಿಯನ್ನು ಮೇಲಂಚಿನ ಹೊರಬದಿಗೆ ಕೂರಿಸಿದರೆ ಬಾಗಿಲು ಮೇಲೆದ್ದು ಹಿಂದಕ್ಕೆ ಮಗುಚಿ ಛಾವಣಿಯ ಮೇಲೆ ಒರಗಿಕೊಳ್ಳುತ್ತದೆ, ಆನಿಕೆ ಕೋಲು ಬೇಕಿಲ್ಲ, ಎರಡು ಕೈಯೂ ಬಿಡುವಾಗಿರುತ್ತವೆ. ಆಗ ಕೈ ದಾಟಬೇಕಾದ ಎತ್ತರ 1,250 ಮಿ.ಮೀ. ಮಾತ್ರ, ಭುಜದ ಸಮಕ್ಕೆ. ಬಿಜಾಗರಿ, ಸ್ಕ್ರೂ ಎಲ್ಲವೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು ಇರಲಿ. ಹೊಳಪು ಲೇಪದ ಕಬ್ಬಿಣದವು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ತೇಗದ ಮೇಲೆ ಕಪ್ಪು ಕಲೆ ಇಳಿಸುತ್ತವೆ. ಹಿತ್ತಾಳೆ ಅಂದವಾಗಿರುತ್ತದೆ, ಆದರೆ ಅದು ತಾಮ್ರದ ಮಿಶ್ರಲೋಹ. ನೀರಿನ ಮೇಲ್ಭಾಗದಲ್ಲಿ ಬೇಡ.

ಛಾವಣಿಯನ್ನು ಒಂದೇ ಅಗಲ ಹಲಗೆಯಲ್ಲಿ ಮಾಡಿಸಬೇಡಿ. ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಬೇಸಿಗೆಯ ಒಣಹವೆಯಲ್ಲಿ ಗಾಳಿಯ ತೇವಾಂಶ ಶೇ 40ರ ಸುಮಾರು ಇದ್ದಾಗ ಮರದೊಳಗಿನ ತೇವ ಶೇ 7–8ಕ್ಕೆ ಇಳಿದಿರುತ್ತದೆ. ಆಷಾಢದಲ್ಲಿ ನಿಮ್ಮ ಕಡೆ ಗಾಳಿ ಶೇ 90 ತೇವವಾಗಿದ್ದಾಗ ಅದು ಶೇ 20ರ ಹತ್ತಿರಕ್ಕೆ ಏರುತ್ತದೆ. ಹೆಚ್ಚು ಮಿಸುಕದ ಮರ ಎಂದು ಹೆಸರಾದ ತೇಗವೂ ಇಂಥ ಏರಿಳಿತದಲ್ಲಿ 300 ಮಿ.ಮೀ. ಅಗಲಕ್ಕೆ ನಾಲ್ಕೈದು ಮಿಲಿಮೀಟರ್ ಹಿಗ್ಗಬಹುದು. ಅದನ್ನು ಎರಡೂ ಬದಿ ಅಂಟಿಸಿ ಕಟ್ಟಿಹಾಕಿದರೆ ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಚೌಕಟ್ಟಿನ ಮೂಲೆ ಬಾಯಿಬಿಡುತ್ತದೆ. ಹಳೇ ಮನೆಯ ಬಾಗಿಲುಗಳನ್ನು ನೋಡಿ: ಚೌಕಟ್ಟಿನ ಕಾಲುವೆಯೊಳಗೆ ತೆಳು ಹಲಗೆ ಸುಮ್ಮನೆ ಕೂತಿರುತ್ತದೆ, ಅಂಟಿರುವುದಿಲ್ಲ, ಒಳಗೇ ಹಿಗ್ಗಿ ಕುಗ್ಗುತ್ತದೆ. ನಿಮ್ಮ ಆಚಾರ್ರಿಗೆ ಈ ಕೆಲಸ ಚೆನ್ನಾಗಿ ಗೊತ್ತಿರುತ್ತದೆ. 18 ಮಿ.ಮೀ. ಚೌಕಟ್ಟಿನಲ್ಲಿ 9 ಮಿ.ಮೀ. ಹಲಗೆ ಹೀಗೆ ಕೂರಿಸಿದರೆ ತೂಕವೂ ಎರಡು ಕೆ.ಜಿ.ಯಷ್ಟು ಇಳಿಯುತ್ತದೆ. ಹಲಗೆಯನ್ನು ಚೌಕಟ್ಟಿಗೆ ಸೇರಿಸುವ ಮುನ್ನವೇ ಅದಕ್ಕೆ ಪಾಲಿಶ್ ಕೊಟ್ಟಿರಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಕುಗ್ಗಿದಾಗ ಅಂಚಿನಲ್ಲಿ ಪಾಲಿಶ್ ಕಾಣದ ಬಿಳಿ ಗೆರೆ ಇಣುಕುತ್ತದೆ.

ಹಿಂಭಾಗ ಮುಚ್ಚಿರಬಾರದು. ಕೆಳಗೆ 90 ಮಿ.ಮೀ., ಮೇಲೆ 40 ಮಿ.ಮೀ. ಪಟ್ಟಿ ಇಟ್ಟು, ನಡುವಿನ 120 ಮಿ.ಮೀ. ಉದ್ದಕ್ಕೂ ತೆರೆದಿರಲಿ. ಕೆಳಪಟ್ಟಿಯ ಎರಡು ತುದಿಗಳಲ್ಲಿ ಫಿಲ್ಟರ್ ಕೊಳವೆ, ಏರ್ ಪಂಪಿನ ನಳಿಕೆ ಹಾಯುವಷ್ಟು ಕಚ್ಚು ಹಾಕಿಸಿ. ತೊಟ್ಟಿಗೂ ಗೋಡೆಗೂ ನಡುವೆ ಮೂರು ಇಂಚು ಬಿಡದಿದ್ದರೆ ಈ ತೆರವು ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಮಾಡಿದರೂ ಪೆಟ್ಟಿಗೆಯೊಂದೇ ಸಾಲದು. ಅದರೊಳಗೆ, ನೀರಿಗೆ ಹತ್ತಿರ, ಒಂದು ಗಾಜಿನ ಮುಚ್ಚಳ ಬೇಕು. ತೊಟ್ಟಿಯ ಒಳಗಿನ ಅಡ್ಡಪಟ್ಟಿಗಳ ಮೇಲೆ 5 ಮಿ.ಮೀ. ಗಾಜಿನ ಎರಡು ತುಂಡುಗಳನ್ನು, ಅಂಚು ಗ್ರೈಂಡ್ ಮಾಡಿಸಿ, ಹಿಂದೆ 8 ಮಿ.ಮೀ. ಸಂದಿ ಬಿಟ್ಟು ಇಡಿ. ಅಕ್ರಿಲಿಕ್ ಹಾಳೆ ಹಗುರವಾದರೂ ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣಗಿ ಇರುವುದರಿಂದ ಕೆಲವೇ ವಾರಗಳಲ್ಲಿ ಬಿಲ್ಲಿನಂತೆ ಬಾಗುತ್ತದೆ. ಈ ಮುಚ್ಚಳ ಮೂರು ಕೆಲಸ ಮಾಡುತ್ತದೆ. ನಿಮ್ಮ ಡೇನಿಯೊಗಳನ್ನು ತಡೆಯುತ್ತದೆ. ಅವು ಪಶ್ಚಿಮಘಟ್ಟದ ಹರಿಯುವ ಹಳ್ಳಗಳ ಮೀನು, ಬೆದರಿದರೆ ಹಾರುವುದು ಅವುಗಳ ಸ್ವಭಾವ, ಮತ್ತು ಪೆಟ್ಟಿಗೆಯ ಹಿಂಬದಿಯ ತೆರವು ಅವಕ್ಕೆ ಧಾರಾಳವಾಯಿತು. ಆವಿ ಗಾಜಿಗೇ ಹನಿಗಟ್ಟಿ ತೊಟ್ಟಿಗೇ ಮರಳುವುದರಿಂದ ಮರ ಒಣಗಿರುತ್ತದೆ. ಮೂರನೆಯದು ಗೌರಾಮಿಗಳಿಗೆ. ಅವು ಮೇಲೆ ಬಂದು ನೇರವಾಗಿ ಗಾಳಿಯನ್ನೂ ಉಸಿರಾಡುವ ಮೀನುಗಳು. ಡಿಸೆಂಬರಿನ ಬೆಳಗಿನ ಕೊರೆಯುವ ಗಾಳಿಗಿಂತ ನೀರಿಗೂ ಗಾಜಿಗೂ ನಡುವೆ ನಿಂತ ಬೆಚ್ಚನೆಯ ತೇವದ ಗಾಳಿ ಅವಕ್ಕೆ ಹಿತ, ಮರಿಗಳಿಗಂತೂ ಅದು ಬೇಕೇ ಬೇಕು.

ಗಾಜು ಮುಚ್ಚಿದರೆ ಉಸಿರು ಕಟ್ಟುವುದಿಲ್ಲವೇ ಎಂಬ ಅನುಮಾನ ಸಹಜ. ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯ ಕದಲಿಕೆಯಿಂದ. ಫಿಲ್ಟರಿನ ಬಾಯಿಯನ್ನು ಮೇಲ್ಮೈಗೆ ತಿರುಗಿಸಿ ಸಣ್ಣ ಅಲೆ ಏಳುತ್ತಿರುವಂತೆ ಇಟ್ಟರೆ ಆ 8 ಮಿ.ಮೀ. ಸಂದಿ ಮತ್ತು ಕೊಳವೆಯ ಕಚ್ಚುಗಳ ಮೂಲಕ ಗಾಳಿ ಬದಲಾಗುತ್ತಿರುತ್ತದೆ. ಎಚ್ಚರ ಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರು ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ 7.5 ಮಾತ್ರ. ಕರೆಂಟು ಹೋಗಿ ಫಿಲ್ಟರ್ ನಿಂತರೆ ಎರಡೂ ಬಾಗಿಲು ತೆರೆದು, ಗಾಜಿನ ಒಂದು ತುಂಡನ್ನು ಓರೆ ಮಾಡಿಡಿ. ಡೇನಿಯೊಗಳೇ ಮೊದಲು ಸಂಕಟಪಡುವುದು; ಗೌರಾಮಿಗಳು ಮೇಲೆ ಬಂದು ಹೇಗೋ ತಾಳಿಕೊಳ್ಳುತ್ತವೆ.

ಇದೇ ಉತ್ತರವನ್ನು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಓದುವವರಿಗೆ ಒಂದು ತಿದ್ದುಪಡಿ. ಅಲ್ಲಿನ ಬೇಸಿಗೆಗೆ ಗಾಜಿಗಿಂತ ಬಲೆ ಉತ್ತಮ. ಒಂದು ಲೀಟರ್ ನೀರು ಆವಿಯಾಗುವಾಗ ಸೆಳೆದುಕೊಳ್ಳುವ ಶಾಖ, ಈ ಗಾತ್ರದ ತೊಟ್ಟಿಯ ನೀರನ್ನು ಎರಡು ಡಿಗ್ರಿಗೂ ಹೆಚ್ಚು ತಣಿಸುವಷ್ಟು. ಕೋಣೆಯ ಬಿಸಿ ಅದನ್ನು ಮತ್ತೆ ತುಂಬುತ್ತಿರುತ್ತದೆ ನಿಜ, ಆದರೂ ಹಿಂಬದಿಯ ತೆರವಿಗೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಕೂರಿಸಿ, ಬಲೆಯ ಮೇಲೆ ಗಾಳಿ ಹಾಯಿಸಿದರೆ ವ್ಯತ್ಯಾಸ ಕಾಣುತ್ತದೆ. ಬಲೆಗೆಂದು ಸೊಳ್ಳೆಪರದೆಯ ಬಟ್ಟೆ ಬಳಸುವಾಗ ಅದು ಕೀಟನಾಶಕ ಹಾಯಿಸಿದ ಪರದೆಯಲ್ಲ ಎಂದು ಖಚಿತಪಡಿಸಿಕೊಳ್ಳಿ. ಅಂಥ ಪರದೆಗಳಲ್ಲಿರುವ ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಮನುಷ್ಯನಿಗೆ ಹೆಚ್ಚು ಬಾಧೆ ಕೊಡದಿದ್ದರೂ ಮೀನಿಗೆ ಘೋರ ವಿಷ.

ವಿಷದ ಮಾತು ಬಂದದ್ದರಿಂದ ನನ್ನ ಮನೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ನಾನು ಮಾಡಿಸಿದ ಮೊದಲ ಮೇಲ್ಪೆಟ್ಟಿಗೆ ಹಲಸಿನದು. ಅಳತೆ, ಜೋಡಣೆ, ಪಾಲಿಶ್ ಯಾವುದರಲ್ಲೂ ಕೊರತೆ ಇರಲಿಲ್ಲ. ಸಂಜೆ ಕೂರಿಸಿದೆವು, ಮರುದಿನ ಬೆಳಿಗ್ಗೆ ಬಾಗಿಲೆತ್ತಿದರೆ ಮೀನುಗಳು ಮೇಲ್ಮೈಯಲ್ಲಿ ಪಕ್ಕಕ್ಕೆ ಒರಗಿ ಸುತ್ತು ಹೊಡೆಯುತ್ತಿದ್ದವು, ಮಧ್ಯಾಹ್ನದೊಳಗೆ ಒಂದೂ ಉಳಿಯಲಿಲ್ಲ. ರೀಪಿನ ಕೆಳಮುಖವನ್ನು ಬೆರಳಿನಿಂದ ಸವರಿದಾಗ ಮೂಗಿಗೆ ಬಂದ ಸೀಮೆಎಣ್ಣೆಯಂಥ ವಾಸನೆಯನ್ನು ನಾನು ಇಂದಿಗೂ ಮರೆತಿಲ್ಲ. ಮರಗೆಲಸ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ, ಕಿಟಕಿ ಚೌಕಟ್ಟಿನ ಹಿಂಬದಿಗೆ ಬಳಿಯುವಂತೆ, ಕಣ್ಣಿಗೆ ಕಾಣದ ಮುಖಗಳಿಗೆಲ್ಲ ಗೆದ್ದಲಿನ ಔಷಧಿ ಹೊಡೆದಿದ್ದರು. ಕೆಲಸ ಎಂದರೆ ಅವರಿಗೆ ಅದೂ ಸೇರಿದ್ದೇ. ಬೇಡ ಎಂದು ನಾನು ಹೇಳಿರಲಿಲ್ಲ. ಗೆದ್ದಲಿಗೆ ಬಳಸುವ ಕ್ಲೋರ್‌ಪೈರಿಫಾಸ್ ಆಗಲಿ ಪೈರೆಥ್ರಾಯ್ಡ್ ಆಗಲಿ ನೀರಿನ ಜೀವಿಗಳನ್ನು ಕೊಲ್ಲಲು ಒಂದೆರಡು ಹನಿ ಸಾಕು, ಮತ್ತು ಆ ಹನಿ ಆವಿಯ ನೀರಿನೊಂದಿಗೆ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಕೆಲಸ ಶುರುವಾಗುವ ದಿನವೇ ಆಚಾರ್ರ ಎದುರು ಕೂತು, "ಈ ಪೆಟ್ಟಿಗೆಗೆ ಯಾವ ಮುಖಕ್ಕೂ ಗೆದ್ದಲೌಷಧಿ ಬೇಡ" ಎಂದು ಹೇಳಿ, ಕಾರಣವನ್ನೂ ಹೇಳಿ. ಸ್ಟ್ಯಾಂಡಿನ ಕಾಲಿಗೆ ಗೆದ್ದಲು ಹತ್ತುವ ಭಯವಿದ್ದರೆ ಕಾಲುಗಳನ್ನು ಕಲ್ಲಿನ ತುಂಡುಗಳ ಮೇಲೆ ನಿಲ್ಲಿಸಿ.

ಪಾಲಿಶ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಅರಗಿನ ಸ್ಪಿರಿಟ್ ಪಾಲಿಶ್ ಬೇಡ, ತೇವ ತಾಗಿದಲ್ಲೆಲ್ಲ ಬೆಳ್ಳಗೆ ಮಬ್ಬಾಗುತ್ತದೆ. ಅಗಸೆ ಎಣ್ಣೆ ನಿಧಾನಕ್ಕೆ ಒಣಗುತ್ತದೆ, ಅಷ್ಟರೊಳಗೆ ಬೂಷ್ಟು ಅದನ್ನೇ ಉಣ್ಣಲು ಬರುತ್ತದೆ. ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಪಾಲಿಶ್ ಇದಕ್ಕೆ ತಕ್ಕದ್ದು. ತೇಗದ ಮೈಯಲ್ಲಿ ಸಹಜವಾದ ಜಿಡ್ಡು ಇರುವುದರಿಂದ ಅಂಟು ಹಾಕುವ ಮುನ್ನವೂ ಪಾಲಿಶ್ ಹಚ್ಚುವ ಮುನ್ನವೂ ತಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದೊಡನೆ ಕೆಲಸ ಮಾಡಬೇಕು. ನಾಳೆ ಮಾಡುತ್ತೇನೆಂದು ಬಿಟ್ಟರೆ ಜಿಡ್ಡು ಮತ್ತೆ ಮೇಲೇಳುತ್ತದೆ. ಅಂಟಿಗೆ ನೀರು ತಡೆಯುವ ಫೆವಿಕಾಲ್ ಮ್ಯಾರೀನ್ ಸಾಕು, ಮೂಲೆಗಳಿಗೆ ಎಪಾಕ್ಸಿ ಇನ್ನೂ ಮೇಲು.

ಹಲಗೆಯ ಅಡ್ಡ ಕೊಯ್ದ ತುದಿಗಳು ಸ್ಟ್ರಾಗಳ ಕಟ್ಟಿನಂತೆ ನೀರು ಹೀರುತ್ತವೆ. ಮೊದಲ ಕೋಟನ್ನು ತೆಳ್ಳಗೆ ಮಾಡಿ, ಆ ತುದಿಗಳಿಗೆ ಕುಡಿಯುವಷ್ಟು ಕುಡಿಸಿ. ಮೇಲ್ಮೈ ಹೊಳೆಯುತ್ತ ನಿಲ್ಲುವವರೆಗೆ ಮೂರು ನಾಲ್ಕು ಸಲ ಹಚ್ಚಬೇಕಾದೀತು. ಅನಂತರ ಎರಡು ಕೋಟ್ ಸೀಲರ್, ಮೂರು ಕೋಟ್ ಪಿಯು, ನಡುನಡುವೆ 320 ನಂಬರ್ ಸ್ಯಾಂಡ್ ಪೇಪರ್. ಒಳಗೆ ಎಷ್ಟೋ ಹೊರಗೂ ಅಷ್ಟೇ ಕೋಟ್ ಇರಬೇಕು. ಹೊರಗೆ ಐದು, ಒಳಗೆ ಒಂದು ಎಂದು ಮಾಡಿದರೆ ಒಳಮುಖ ತೇವ ಕುಡಿದು ಹಿಗ್ಗಿ, ಹೊರಮುಖ ಹಾಗೆಯೇ ಇದ್ದು, ಹಲಗೆ ದೊನ್ನೆಯಂತೆ ಬಗ್ಗುತ್ತದೆ. ಸ್ಕ್ರೂ ಹಾಕಲು ಕೊರೆದ ತೂತುಗಳ ಒಳಕ್ಕೂ ಒಂದು ಹನಿ ಪಾಲಿಶ್ ಬಿಟ್ಟು ಸ್ಕ್ರೂ ತಿರುಗಿಸಿ. ಒಳಮೈಗೆ ಕೊನೆಯದಾಗಿ ಬಿಳಿ ಪಿಯು ಬಣ್ಣ ಕೊಡಿಸುವುದು ನನಗೆ ಇಷ್ಟ: ದೀಪದ ಬೆಳಕು ಚದುರಿ ಗಿಡಗಳಿಗೆ ಇಳಿಯುತ್ತದೆ, ಮತ್ತು ಎಲ್ಲಾದರೂ ಬೂಷ್ಟಿನ ಚುಕ್ಕೆ ಎದ್ದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಮುಟ್ಟಿದರೆ ಅಂಟದು ಎಂದ ಮಾತ್ರಕ್ಕೆ ಪಿಯು ಒಣಗಿದಂತಲ್ಲ. ಗಾಳಿಯಾಡುವ ನೆರಳಿನಲ್ಲಿ ಮೂರು ವಾರ ಬಿಡಿ. ಬಳಿಕ ಒಂದು ರಾತ್ರಿ ಪೆಟ್ಟಿಗೆಯನ್ನು ನೆಲದ ಮೇಲೆ ಬೋರಲು ಹಾಕಿ, ಮೇಲೆ ಕಂಬಳಿ ಹೊದಿಸಿ, ಬೆಳಿಗ್ಗೆ ಒಂದು ಬಾಗಿಲನ್ನು ಕೊಂಚವೇ ಎತ್ತಿ ಮೂಗಿಟ್ಟು ನೋಡಿ. ತಿನ್ನರಿನ ವಾಸನೆ ಕಿಂಚಿತ್ತು ಬಂದರೂ ಇನ್ನೊಂದು ವಾರ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು, ತೇವದ ಹವೆಯಲ್ಲಿ ಪಿಯು ಹಾಲಿನಂತೆ ಮಬ್ಬು ಹಿಡಿಯುತ್ತದೆ. ನಿಮ್ಮ ಕಡೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ ಕಾಲ. ಅಲ್ಲಿಯವರೆಗೆ ಗಾಜಿನ ಮುಚ್ಚಳವನ್ನಾದರೂ ಈ ವಾರವೇ ಮಾಡಿಸಿ ಇಡಿ, ಉಳಿದ ಡೇನಿಯೊಗಳು ಕಾಯುವುದಿಲ್ಲ.

ದೀಪಕ್ಕೆ ಸಂಬಂಧಿಸಿ, 230 ವೋಲ್ಟಿನ ಯಾವುದೂ ಪೆಟ್ಟಿಗೆಯೊಳಗೆ ಬರಕೂಡದು. ಮನೆಗೆ ಹಾಕುವ 4 ಅಡಿಯ ಟ್ಯೂಬು ಒಳ ಉದ್ದಕ್ಕೆ ಹೆಚ್ಚು ಕಡಿಮೆ ಸಮವಾಗಿ, ವಯರು ತಿರುಗಲೂ ಜಾಗ ಬಿಡುವುದಿಲ್ಲ, ನೀರಿನ ಆವಿಗೆಂದು ಮಾಡಿದ್ದೂ ಅಲ್ಲ. 12 ಅಥವಾ 24 ವೋಲ್ಟಿನ, ಐಪಿ 67 ಗುರುತಿನ (ಧೂಳು, ನೀರು ಒಳಹೋಗದ ದರ್ಜೆಯ), 3 ಅಡಿಯ ಅಕ್ವೇರಿಯಂ ಎಲ್‌ಇಡಿ ಪಟ್ಟಿಗಳನ್ನು ಛಾವಣಿಯ ಚೌಕಟ್ಟಿಗೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೂರಿಸಿ, ಅಡಾಪ್ಟರನ್ನು ಹೊರಗೆ ಗೋಡೆಯ ಮೇಲೆ ಇಡಿ. ಹೊರಬರುವ ಪ್ರತಿ ವಯರು ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತು ಆಮೇಲೆ ಮೇಲೇರಬೇಕು. ವಯರಿನ ಮೇಲೆ ಹರಿದು ಬಂದ ಹನಿ ಆ ಜೋಲಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿಗೆ ತಲುಪುವುದಿಲ್ಲ. ತೊಟ್ಟಿಯ ಪ್ಲಗ್ ಇರುವ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಅಮ್ಮನ ಕೈಯನ್ನು ಆ ನೀರಿಗೆ ಬಿಡಬೇಡಿ. ಎಂಸಿಬಿ (ಲೋಡ್ ಮೀರಿದಾಗ ಬೀಳುವ ಸ್ವಿಚ್) ಇದೆಯಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಬಹುದು; ಎಂಸಿಬಿ ಕಾಯುವುದು ವಯರನ್ನು, ಮನುಷ್ಯನನ್ನಲ್ಲ.

ಪೆಟ್ಟಿಗೆ ಕೂರಿಸಿದ ಮೊದಲ ತಿಂಗಳು, ವಾರಕ್ಕೊಮ್ಮೆ ನೀರು ಬದಲಿಸುವ ದಿನ ಕೆಳ ಅಂಚನ್ನು ಒಳಬದಿಯಿಂದ ಬೆರಳಿನಲ್ಲಿ ಸವರಿ ನೋಡಿ. ಒಣಗಿದ್ದರೆ ಸರಿ. ಒಂದೇ ಜಾಗ ಪದೇಪದೇ ಒದ್ದೆಯಾಗಿದ್ದರೆ ಅಲ್ಲಿ ಗಾಜಿನ ಮುಚ್ಚಳ ಹೊರಕ್ಕೆ ಚಾಚಿದೆ, ಇಲ್ಲವೇ ಫಿಲ್ಟರಿನ ಚಿಮುಕು ಹಾರುತ್ತಿದೆ. ಗಾಜನ್ನು ಒಳಕ್ಕೆ ಸರಿಸಿ, ಕೊಳವೆಯ ಬಾಯನ್ನು ಒಂದಿಂಚು ತಗ್ಗಿಸಿ, ಮರುದಿನ ಅದೇ ಜಾಗವನ್ನು ಮತ್ತೆ ಮುಟ್ಟಿ ನೋಡಿ.